ಸರಸ್ವತಿಪುರಂನ ಕಾವಲು

ಅಮೆರಿಕದ ಎಡಿಸನ್ನಿನ ನಮ್ಮ ಮನೆಗೆ ಅಮ್ಮ ಮೊದಲ ಸಲ ಬಂದಾಗ ದೇವರ ಗೂಡು ಎಲ್ಲಿ ಅಂತ ಕೇಳಲಿಲ್ಲ. ಕಿಟಕಿಗೆ ಸರಳು ಎಲ್ಲಿ ಅಂದಳು. ಇಲ್ಲ ಅಂದೆ. ಕಾಂಪೌಂಡು? ಅದೂ ಇಲ್ಲ. ಹಲಸಿನಹಣ್ಣು ಕೊಳ್ಳುವವರ ಹಾಗೆ ಗೋಡೆ ಬಡಿದು ನೋಡಿದಳು. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಅಮೆರಿಕದ ಗೋಡೆ, ಟೊಳ್ಳು ಸದ್ದು ಬಂತು. "30 ವರ್ಷದ ಸಾಲ ಮಾಡಿ ರಟ್ಟಿನ ಡಬ್ಬ ತಗೊಂಡಿದೀಯಲ್ಲೋ!"

ಅವಳ ಪಾಲಿಗೆ ಮನೆ ಅಂದರೆ ಮೈಸೂರಿನ ಸರಸ್ವತಿಪುರಂನದು. ಗೇಟಿಗೆ ಬೀಗ, ವರಾಂಡದ ಗ್ರಿಲ್ಲಿಗೆ ಬೀಗ, ಮುಂಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ನಡುವೆ ಅಗುಳಿ. ಒಳಗೆ ಗಾಡ್ರೆಜ್ ಬೀರು, ಅದರ ಬೀಗದಕೈ ಅಕ್ಕಿ ಡಬ್ಬದಲ್ಲಿ. ಅಕ್ಕಿ ಡಬ್ಬದಲ್ಲಿದೆ ಅನ್ನುವುದು ಹಾಲಿನವನಿಂದ ಹಿಡಿದು ಇಡೀ ಬೀದಿಗೆ ಗೊತ್ತು, ಆ ಮಾತು ಬೇರೆ.

ಅವಳ ಸಮಾಧಾನಕ್ಕೆ ಅಲಾರಂ ಹಾಕಿಸಿದೆ. ಗುಟ್ಟಿನ ಸಂಖ್ಯೆ, ನಾಡು ಒಂದಾದ 1956. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಜಂಬಕ್ಕೆ ಬಾಯಿಬಿಟ್ಟೆ (ಬಿಡಬಾರದು, ಗೊತ್ತು). ಪಕ್ಕದ ಮೂವರ ಮುಖ ಬಾಡಿತು. ನಾಲ್ಕನೆಯವರು ಮಾತ್ರ ನಿರಾಳವಾಗಿ ಹೋಳಿಗೆ ಮುರಿದರು. ಅವರದು ಕರ್ನಾಟಕ ಎಂದು ಹೆಸರಿಟ್ಟ 1973 ಅನ್ನುವುದು ಎಲೆ ಎತ್ತುವ ಮೊದಲೇ ಎಲ್ಲರಿಗೂ ತಿಳಿದುಹೋಯಿತು.

ಆರು ತಿಂಗಳು ಮುಗಿಸಿ ಅಮ್ಮ ಹೊರಟಾಗ, ಮೊಮ್ಮಗಳು ಸ್ಕೂಲಿಗೆ ಹೋಗುವುದು ಕಾಣಲಿ ಅಂತ ಕರೆಗಂಟೆಯ ಕ್ಯಾಮೆರಾವನ್ನು ಅವಳ ಮೊಬೈಲಿಗೂ ಜೋಡಿಸಿಕೊಟ್ಟೆ. ಅಲ್ಲಿಗೆ ನಮ್ಮ ನಿದ್ದೆ ಮುಗಿಯಿತು. ಬೇಸಿಗೆಯಲ್ಲಿ ನಮಗೆ ರಾತ್ರಿ 2 ಗಂಟೆ ಅಂದರೆ ಮೈಸೂರಿಗೆ ಬೆಳಗ್ಗೆ 11.30. ಅಡುಗೆ ಮುಗಿದಿರುತ್ತದೆ, ಕೈ ಖಾಲಿ.

"ಅಂಗಳದಲ್ಲಿ ಯಾರೋ ಓಡಾಡ್ತಿದಾರೆ, ಏಳೋ!"

"ಜಿಂಕೆ ಕಣಮ್ಮ."

"ಮಾರೀಚನೂ ಜಿಂಕೆ ಥರಾನೇ ಬಂದಿದ್ದ."

"ರೀ, ಫೋನ್ ಸೈಲೆಂಟಿಗೆ ಹಾಕ್ರೀ" ಅಂದಳು ನನ್ನವಳು. ಹಾಕಿದೆ. ಕ್ಯಾಮೆರಾದಲ್ಲಿ ಮಾತಾಡುವ ಗುಂಡಿಯೂ ಇದೆ ಅನ್ನುವುದನ್ನು ಅಮ್ಮ ಆ ವಾರವೇ ಕಂಡುಹಿಡಿದಳು. ಒಂದು ರಾತ್ರಿ ರಕೂನೊಂದು ಕಸದ ಡಬ್ಬದ ಮುಚ್ಚಳಕ್ಕೆ ಕೈ ಹಾಕಿತ್ತು. "ಯಾರೋ ಅದು! ಕೈಕಾಲು ಮುರಿದುಹಾಕ್ತೀನಿ!" ರಕೂನು ಓಡಿತು. ಪಕ್ಕದ ಮನೆಯ ಅಜ್ಜ 911ಕ್ಕೆ ಫೋನ್ ಮಾಡಿದ: ಹೆಂಗಸಿನ ಕೂಗು ಕೇಳಿಸುತ್ತೆ, ಹೆಂಗಸು ಕಾಣಿಸುತ್ತಿಲ್ಲ.

ಬಾಗಿಲು ತೆರೆದರೆ ಟಾರ್ಚು ಹಿಡಿದ ಇಬ್ಬರು ಪೊಲೀಸರು. ಕೂಗಿದ್ದು ನಮ್ಮಮ್ಮ ಅಂದೆ. ಎಲ್ಲಿದ್ದಾರೆ ಅಂದರು. ಸರಸ್ವತಿಪುರಂ ಅಂದೆ. ಅದನ್ನು ಬರೆದುಕೊಳ್ಳಲು ಒಬ್ಬ ಅಕ್ಷರ ಅಕ್ಷರ ಕೇಳುತ್ತಿದ್ದಾಗಲೇ ಅವನ ಮೊಣಕೈ ಪಕ್ಕದ ಕರೆಗಂಟೆ ಬಾಯಿಬಿಟ್ಟಿತು:

"ಒಳಗೆ ಬಿಡಬೇಡ್ವೋ, ಮೊದಲು ಐಡಿ ಕಾರ್ಡು ಕೇಳು. ವೇಷ ಹಾಕ್ಕೊಂಡು ಬರ್ತಾರೆ."