ಅಕ್ಕ-ತಂಗಿ ಬರುವ ಮೂರು ದಿನ

“ವೈನಿ, ಈ ವರ್ಷನೂ ಮಹಾಲಕ್ಷ್ಮಿ ಕೂಡಸ್ತೀರಲ್ಲ?”

“ಕೂಡಸ್ತೀವಕ್ಕಾ. ಭಾಲ್ಕಿಯಿಂದ ಅತ್ತಿ ಬರ್ತಾರ. ಅವರ ಕೈ ಬಿದ್ದರನ ಸೀರಿ ನಿರಗಿ ನೆಟ್ಟಗ ಕೂಡತಾವು.”

ಗಣಪತಿ ಕೂತ ಮೇಲೆ ಬೀದರಿನ ಓಣಿಗಳಲ್ಲಿ ಗೋಡೆಯಾಚೆ ಈಚೆ ನಡೆಯುವುದು ಇದೇ ಮಾತು. ಔರಾದ, ಭಾಲ್ಕಿ ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲ್ಲೂಕುಗಳು, ಹಬ್ಬಕ್ಕೆ ಗಡಿಯಿಲ್ಲ. ಜ್ಯೇಷ್ಠಾ, ಕನಿಷ್ಠಾ ಎಂಬ ಅಕ್ಕ-ತಂಗಿ ಮಹಾಲಕ್ಷ್ಮಿಯರು ಭಾದ್ರಪದದ ಅನುರಾಧಾ ನಕ್ಷತ್ರದಲ್ಲಿ ಬರುತ್ತಾರೆ, ಜ್ಯೇಷ್ಠಾ ನಕ್ಷತ್ರದಲ್ಲಿ ಹೋಳಿಗೆ ಉಣ್ಣುತ್ತಾರೆ, ಮೂಲಾ ನಕ್ಷತ್ರದಲ್ಲಿ ಹೊರಡುತ್ತಾರೆ. ಹೊಸ್ತಿಲಿನಿಂದ ಪುಟ್ಟ ಹೆಜ್ಜೆ ಮೂಡಿಸಿ, ದೇವಿಯರ ಮುಖಗಳನ್ನು ಕೈಯಲ್ಲಿ ಹಿಡಿದು, ಅಡುಗೆಮನೆ, ಕಾಳಿನ ಚೀಲ, ದುಡ್ಡಿನ ಕಪಾಟು ಎಲ್ಲ ತೋರಿಸಿದ ಮೇಲೆಯೇ ಕೂಡಿಸುವುದು.

ದೈವ ಮನೆಯೊಳಗೆ ಬಂದರೆ ಸಿರಿ ಎಂಬ ಇಂಥ ನಂಬಿಕೆ ಜಪಾನಿನಲ್ಲೂ ಉಂಟು ಎಂದೆ ವೈನಿಗೆ. ಅಲ್ಲಿನ ಹಳೇ ಮನೆಗಳ ಪಡಸಾಲೆಯಲ್ಲಿ ‘ಝಾಶಿಕಿ ವರಾಶಿ’ ಎಂಬ ಮಗುವಿನ ರೂಪದ ದೈವ ಇರುತ್ತದಂತೆ. ಅದು ಇರುವವರೆಗೆ ಮನೆಗೆ ಸಿರಿ. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ಅಲ್ಲಿನ ತೋನೊ ಸೀಮೆಯ ಕಥೆಗಳನ್ನು 1910ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲೊಂದು: ಊರಿನವನೊಬ್ಬನಿಗೆ ಸೇತುವೆಯ ಹತ್ತಿರ ಗುರುತಿಲ್ಲದ ಇಬ್ಬರು ಹುಡುಗಿಯರು ಮುಖ ಬಾಡಿಸಿಕೊಂಡು ಎದುರಾದರು. ‘ಎಲ್ಲಿಂದ ಬಂದಿರಿ?’ ಎಂದರೆ ಒಬ್ಬ ಸಾಹುಕಾರನ ಮನೆಯ ಹೆಸರು ಹೇಳಿದರು. ಈಗ ಬೇರೆ ಊರಿನ ಮನೆಗೆ ಹೊರಟಿದ್ದರು. ಸಾಹುಕಾರನ ಕಾಲ ಮುಗಿಯಿತು ಎಂದುಕೊಂಡ ಅವನು. ಕೆಲವೇ ದಿನದಲ್ಲಿ ಆ ಮನೆಯ 20ಕ್ಕೂ ಹೆಚ್ಚು ಜನ ವಿಷದ ಅಣಬೆ ತಿಂದು ಒಂದೇ ದಿನ ಸತ್ತರು. ಉಳಿದದ್ದು 7 ವರ್ಷದ ಒಂದು ಹುಡುಗಿ.

“ಯವ್ವಾ! ಹೇಳದನ ಹೋಗಿಬಿಟ್ರೇನು?” ವೈನಿಯ ಕೈಯ ಬುಟ್ಟಿ ಗೋಡೆಯ ಮೇಲೆ ಕೂತಿತು. “ನಾವಾದರ ಉಡಿ ತುಂಬಿ, ಮುಂದಿನ ವರ್ಷ ಮತ್ತ ಬರ್ರಿ ಅಂತ ಹೇಳಿ ಕಳಸ್ತೀವಿ.”

ಆ ಮಾತು ನನ್ನ ಮನಸ್ಸಿಗೆ ನಾಟಿತು. ಹೆಣ್ಣುಮಕ್ಕಳು ಮುಖ ಬಾಡಿಸಿಕೊಂಡು ಹೊರಟ ಮನೆ ಏಳಿಗೆಯಾಗದು. ತೋನೊದ ಹಿರಿಯರು ಕಂಡದ್ದೂ ಇದನ್ನೇ, ನಮ್ಮ ಹಿರಿಯರು ಕಂಡದ್ದೂ ಇದನ್ನೇ. ಮನೆಯ ದೈವ ಜಗುಲಿಯ ಮೇಲೆ ಮಾತ್ರ ಇರುವುದಿಲ್ಲ, ಅಡುಗೆಮನೆಯಲ್ಲಿ ಬೆಳಗಿನಿಂದ ನಿಂತವಳಲ್ಲೂ ಇದೆ. ಅವಳು ಉಂಡಳೋ ಇಲ್ಲವೋ ಎಂದು ಕೇಳುವುದೂ ಪೂಜೆಯೇ.

ಆದ್ದರಿಂದ ಮಹಾಲಕ್ಷ್ಮಿ ಕೂಡಿಸುವ ಅತ್ತೆಯರಲ್ಲಿ ನನ್ನದೊಂದು ಬೇಡಿಕೆ: ದೇವಿಗೆ ತೋರಿಸುವ ಕಪಾಟಿನ ಕೀಲಿಕೈ ಸೊಸೆಯ ಕೈಗೂ ಕೊಡಿ. ಕೊಟ್ಟ ಮಗಳಿಗೆ ಈ ಮೂರು ದಿನವಾದರೂ ತವರಿಗೆ ಕರೆ ಕಳಿಸಿ.