ನಿಂತ ನೀರು

ಮನೆ ರಿಪೇರಿ ಎಂಬುದು ಒಬ್ಬರ ಮನೆಯನ್ನು ಅವರ ಕಣ್ಣೆದುರೇ ಒಡೆದು, ಅದಕ್ಕೆ ಅವರಿಂದಲೇ ದುಡ್ಡು ಪಡೆಯುವ ವೃತ್ತಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇದಕ್ಕೆ ರಿನೋವೇಶನ್ ಎಂದು ಹೆಸರು. ನಡೆಸುವವನು ವಿಸಿಟಿಂಗ್ ಕಾರ್ಡಿನಲ್ಲಿ ಕಾಂಟ್ರ್ಯಾಕ್ಟರ್, ಹೊಸ್ತಿಲು ದಾಟಿದ ಮೇಲೆ ಮಿಸ್ತ್ರಿ. ಅವನಿಗೆ ಬೇಕಾದದ್ದು ಒಂದು ಟೇಪು, ಕಿವಿಯ ಮೇಲೊಂದು ಪೆನ್ಸಿಲ್ಲು ಮತ್ತು ಗಿರಾಕಿಯ ವಿಶ್ವಾಸ. ಮೊದಲಿನೆರಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ.

ಕೆಲಸಕ್ಕೇನೂ ಬರವಿಲ್ಲ. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ನವಿ ಮುಂಬಯಿಯಲ್ಲಿ ಕಟ್ಟಿಸಿದ ಹಳೆಯ ಮನೆಗಳಿಗೂ, ಡೊಂಬಿವಲಿಯ ಲಿಫ್ಟಿಲ್ಲದ ಸೊಸೈಟಿಗಳಿಗೂ ಈಗ ವಯಸ್ಸಾಗಿದೆ. ಉಳಿದದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ ನೋಡಿಕೊಳ್ಳುತ್ತದೆ. ಘೋಡ್‌ಬಂದರ್ ರಸ್ತೆಯ ಹೊಸ ಟವರುಗಳಲ್ಲಿ ಮಾತ್ರ, ಬಿಲ್ಡರ್ ಹಾಕಿಕೊಟ್ಟ ಟೈಲ್ಸನ್ನು ಗೃಹಪ್ರವೇಶಕ್ಕೆ ಮುಂಚೆಯೇ ಕೀಳಿಸುವವರಿದ್ದಾರೆ. ಅವರ ವಿಷಯ ಇಲ್ಲಿ ಬೇಡ.

ವಿಶ್ವಾಸ ಶುರುವಾಗುವುದು ಪ್ಲೈವುಡ್‌ನಿಂದ. ಹಲಗೆಯ ಮೇಲೆ ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದಿದ್ದರೆ ಮರೈನ್. ಸಿಂಕಿನ ಕೆಳಗೆ ಎರಡನೆಯದೇ ಬೇಕು. ಗರಗಸ ಹಾಕುವ ಮುಂಚೆ ಆ ಮುದ್ರೆಯನ್ನು ತೋರಿಸುವ ಮಿಸ್ತ್ರಿ ಬೆಳೆಯುತ್ತಾನೆ. ಮೈಕಾ ಅಂಟಿಸಿದ ಮೇಲೆ ಆಣೆ ಪ್ರಮಾಣ ಮಾಡುವವನೂ ಬೆಳೆಯುತ್ತಾನೆ, ಆದರೆ ಬೇರೆ ಊರಿನಲ್ಲಿ. ಇನ್ನು ಸೊಸೈಟಿಯ ಎನ್‌ಒಸಿ, ಡಿಪಾಸಿಟ್ಟು, ಮಧ್ಯಾಹ್ನ ಸೆಕ್ರೆಟರಿಯ ನಿದ್ದೆಗಾಗಿ ಸುತ್ತಿಗೆಗೆ ಎರಡು ಗಂಟೆ ಬಿಡುವು, ಮೆಟ್ಟಿಲ ಮೇಲೆ ಇಡಬಾರದ ರಾಬಿಟ್ (ಒಡೆದ ಗೋಡೆಯ ಚೂರು) ಚೀಲಗಳು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಅಷ್ಟೇ ಕೆಲಸವನ್ನು ಅರ್ಧ ದುಡ್ಡಿನಲ್ಲಿ ಮಾಡಿಸಿದೆನೆಂದು ಹೇಳಲು ಕಲ್ಯಾಣದಿಂದ ಬರುವ ಭಾವನೂ ಎಲ್ಲರಿಗೂ ಒಬ್ಬನಿರುತ್ತಾನೆ.

ಗಿರಾಕಿಗಳಲ್ಲಿ ಅತ್ಯಂತ ಕಷ್ಟದವನು ಓದಿಕೊಂಡ ಗಿರಾಕಿ. ಉದಾಹರಣೆಗೆ ಈ ಪ್ರಬಂಧದ ಕರ್ತೃವನ್ನೇ ತೆಗೆದುಕೊಳ್ಳಬಹುದು: ಡೊಂಬಿವಲಿ ಪೂರ್ವ, ಮೂರನೇ ಮಾಳಿಗೆ, ವೃತ್ತಿಯಿಂದ ಗುಮಾಸ್ತ, ಸ್ವಯಂಘೋಷಿತ ಇಂಜಿನಿಯರ್. ಹಾಲಿನ ಮೂಲೆಯ ಕಂಬ ತೆಗೆದರೆ ಸೋಫಾ ನೆಟ್ಟಗೆ ಕೂರುತ್ತದೆಂದು ಇವರ ಸಂಶೋಧನೆ. ಕಲಬುರಗಿ ಕಡೆಯ ಮಿಸ್ತ್ರಿ ಟೇಪನ್ನು ಸರ್ರನೆ ಒಳಗೆಳೆದುಕೊಂಡು ಎದ್ದುನಿಂತ. “ಈ ಕಂಬ ಇಡೀ ಬಿಲ್ಡಿಂಗಿಂದ್ರಿ ಸಾಹೇಬ್ರ, ನಿಮ್ದಲ್ಲ.” ಕರ್ತೃವಿಗೆ ಸಿಟ್ಟು ಬಂತು. 2017ರ ಜುಲೈ 25ರಂದು ಘಾಟ್ಕೋಪರದಲ್ಲಿ ನಾಲ್ಕು ಮಾಳಿಗೆಯ ಕಟ್ಟಡವೊಂದು ಕುಸಿದು 17 ಜನ ಸತ್ತಾಗ, ಅದರ ನೆಲಮಹಡಿಯಲ್ಲೂ ರಿನೋವೇಶನ್ ನಡೆದಿತ್ತು. ಇದನ್ನು ಪೇಪರಿನಲ್ಲಿ ಓದಿ, ಕತ್ತರಿಸಿ, ಫೈಲಿನಲ್ಲಿ ಇಟ್ಟುಕೊಂಡಿದ್ದವರು ಸ್ವತಃ ಕರ್ತೃವೇ. ಸೋಫಾ ಈಗಲೂ ಸೊಟ್ಟಗೇ ಕೂತಿದೆ.

ಮುಂದಿನದು ಬಾತ್‌ರೂಮು. ಹಳೆಯ ಟೈಲ್ಸ್ ಕಿತ್ತು, ಇಟ್ಟಿಗೆ ಚೂರಿನ ಕೋಬಾ ಹಾಕಿ, ನೀರು ಹೋಗುವ ನಹಾಣಿಯ ಬಾಯಿ ಮುಚ್ಚಿ, ನಾಲ್ಕು ಇಂಚು ನೀರು ತುಂಬಿಸಿ 24 ಗಂಟೆ ಬಿಡುತ್ತಾರೆ. ಕೆಳಗಿನ ಮನೆಯ ಸೂರು ಒಣಗಿದ್ದರೆ ಪಾಸು. ಬಾತ್‌ರೂಮು 28 ಚದರಡಿ. ಅಂದರೆ ಸುಮಾರು 260 ಲೀಟರು. ಸಂಜೆ ಆರಕ್ಕೆ ಕರ್ತೃ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ದಿನಾಂಕ ಬರೆದು, ಸಹಿಯನ್ನೂ ಹಾಕಿದರು. ಎಂಟಕ್ಕೆ ಟಾರ್ಚು ಹಿಡಿದು ಕೆಳಗಿಳಿದು ಎರಡನೇ ಮಾಳಿಗೆಯ ಮರಾಠಿ ಆಜಿಯ ಬಾತ್‌ರೂಮಿನಲ್ಲಿ ಕತ್ತೆತ್ತಿ ನಿಂತರು. ಹತ್ತಕ್ಕೆ ಮತ್ತೆ. ಆಜಿಯೂ ಪಕ್ಕದಲ್ಲಿ ಕತ್ತೆತ್ತಿ ನಿಂತರು. ಇಬ್ಬರೂ ಗ್ರಹಣ ನೋಡುವವರಂತೆ ಕಂಡರು. ಹನ್ನೆರಡಕ್ಕೆ ಬೆಲ್ ಒತ್ತಿದಾಗ ಆಜಿ ಬಾಗಿಲು ತೆಗೆಯದೆ ಒಳಗಿನಿಂದಲೇ ಅಂದರು: “ಗಳತ್ ನಾಹೀ ರೇ ಬಾಬಾ, ಝೋಪ್ ಆತಾ.” ಸೋರುತ್ತಿಲ್ಲ, ಇನ್ನು ಮಲಗಪ್ಪ.

ಬೆಳಗಿನ ಐದೂವರೆಗೆ ನೀರು ಗೆರೆಗಿಂತ ಹತ್ತಿರಹತ್ತಿರ ಅರ್ಧ ಇಂಚು ಕೆಳಗಿತ್ತು. ಕರ್ತೃ ಲೆಕ್ಕ ಹಾಕಿದರು: 30 ಲೀಟರು ನಾಪತ್ತೆ. ಕೆಳಗೆ ಓಡಿದರು, ಸೂರು ಖಣಖಣ ಒಣಗಿತ್ತು. ಹಾಗಿದ್ದರೆ ನೀರು ಸ್ಲ್ಯಾಬಿನ ಹೊಟ್ಟೆಯಲ್ಲಿ ಅಡಗಿದೆ ಎಂದು ತೀರ್ಮಾನಿಸಿ, ಮೊದಲು ಸಿಕ್ಕ ಲೋಕಲ್ ಹಿಡಿದು ಬಾ ಎಂದು ಮಿಸ್ತ್ರಿಗೆ ಫೋನು ಮಾಡಿದರು. ಬಂದವನನ್ನು ನಿಲ್ಲಿಸಿಕೊಂಡು ಕಾಲು ಗಂಟೆ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ವಿಶ್ವೇಶ್ವರಯ್ಯನವರ ಹೆಸರು ಎರಡು ಸಲ ಬಂತು. ಮಿಸ್ತ್ರಿ ಬಗ್ಗಿ ನಹಾಣಿ ಮುಟ್ಟಿ ನೋಡಿದ, ಗೋಡೆಯ ಅಂಚಿನುದ್ದಕ್ಕೂ ಬೆರಳಾಡಿಸಿದ. ಸಹಿ ಹಾಕಿದ ಗೆರೆಯನ್ನೂ ಒಂದು ಕ್ಷಣ ನೋಡಿದ. “ಒಡದ್ ಮತ್ತ ಮಾಡ್ತೀನ್ರಿ. ರೊಕ್ಕ ಬ್ಯಾಡ” ಎಂದು ಚೀಲದಿಂದ ಚಾಣ, ಸುತ್ತಿಗೆ ತೆಗೆದ.

ಅಷ್ಟರಲ್ಲಿ ಕರ್ತೃವಿನ ಅತ್ತೆಯವರು ಚಹಾ ತಂದರು. “ಒಡೆಯೋದು ಯಾಕೆ? ಅಷ್ಟು ನೀರು ಸುಮ್ಮನೆ ನಿಂತಿತ್ತು. ನಾಲ್ಕೂವರೆಗೆ ಎದ್ದು ಎರಡು ಬಕೆಟ್ ತೆಗೆದು ಗ್ಯಾಲರಿ ತೊಳೆದೆ.” ಗ್ಯಾಲರಿಯ ಶಹಾಬಾದಿ ಕಲ್ಲು ಫಳಫಳ ಹೊಳೆಯುತ್ತಿತ್ತು.

ಮಿಸ್ತ್ರಿ ನಗಲಿಲ್ಲ. ಚಹಾ ಮುಗಿಸಿ, ಹೊಸ ಗೆರೆ ಎಳೆದು, ಇನ್ನೊಮ್ಮೆ 24 ಗಂಟೆ ಇಟ್ಟ. ಮುಂದಿನ ತಿಂಗಳು ಆಜಿಯ ಬಾತ್‌ರೂಮಿನ ಕೆಲಸವೂ ಅವನಿಗೇ ಸಿಕ್ಕಿತು. ಎರಡು ರಾತ್ರಿ ಸೂರು ನೋಡಿದ ಮೇಲೆ ಆಜಿಗೆ ಬೇರೆ ಎಸ್ಟಿಮೇಟು ಬೇಕೆನಿಸಲಿಲ್ಲ. ಈಗ ಯಾರ ಮನೆಯಲ್ಲಿ ನೀರು ನಿಲ್ಲಿಸಿದರೂ ಅವನು ಬಾತ್‌ರೂಮಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿಯೇ ಕಲ್ಯಾಣದ ಗಾಡಿ ಹಿಡಿಯುತ್ತಾನೆ.