ಈ ಮಗುವಿಗೊಂದು ಟೋಪಿ ಹಾಕಿ

ನಮ್ಮ ಕಡೆ ಬಸುರಿಯರಿಗೆ ಕೇಸರಿ ಹಾಲು ಕುಡಿಸುತ್ತಾರೆ, ಕೂಸು ಬೆಳ್ಳಗೆ ಹುಟ್ಟಲಿ ಅಂತ. ಬದನವಾಳಿನಲ್ಲಿ ಒಂದು ಕೂಸು ಕೇಳಿದ್ದಕ್ಕಿಂತ ಹೆಚ್ಚೇ ಬೆಳ್ಳಗೆ, ಕೂದಲು ರೆಪ್ಪೆ ಸಮೇತ ಬೆಳ್ಳಗೆ ಹುಟ್ಟಿತೆನ್ನಿ. ಹಾಲು ಕುಡಿಸಿದವರೇ ಮೊದಲು ಹಿಂದೆ ಸರಿಯುತ್ತಾರೆ. "ಗ್ರಾಣದಲ್ಲಿ ಆಚೆಗೆ ಬಂದಿದ್ದೇನವ್ವಾ?" ಅಂತ ಬಾಣಂತಿಗೆ ಪ್ರಶ್ನೆ. ಒಬ್ಬಳು ತೊನ್ನು ಅನ್ನುತ್ತಾಳೆ, ಇನ್ನೊಬ್ಬಳು ಅಂಟುತ್ತದೆ ಅನ್ನುತ್ತಾಳೆ. ಗಂಡ ಏನೂ ಅನ್ನದೆ ಹೆಂಡತಿಯ ಮುಖ ನೋಡುತ್ತಾನೆ. ಇದು ಮೈಗೂ ಕಣ್ಣಿಗೂ ಬಣ್ಣ ಸಾಲದ ಆಲ್ಬಿನಿಸಂ; ಇದಕ್ಕೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಪಾಲು ಬರಬೇಕು. ಜಮೀನಿನ ಪಾಲಾಗಿದ್ದರೆ ಅವನೂ ಬಾಯಿ ಬಿಡುತ್ತಿದ್ದ.

ಪರಿಹಾರಕ್ಕೆ ನಂಜನಗೂಡು ಹತ್ತಿರ. ಟಿಪ್ಪುವಿನ ಆನೆಗೆ ಕಣ್ಣು ಬರಿಸಿ, ಪಚ್ಚೆ ಲಿಂಗದ ಕಾಣಿಕೆ ಪಡೆದು 'ಹಕೀಂ ನಂಜುಂಡ' ಅನ್ನಿಸಿಕೊಂಡ ದೇವರೆಂದು ಐತಿಹ್ಯವೇ ಇರುವಾಗ ಕಣ್ಣಿನ ಡಾಕ್ಟರು ಯಾಕೆ? ಮುಡಿ ಕೊಡಿಸಿ, ಕಪಿಲೆಯಲ್ಲಿ ಮುಳುಗಿಸಿ, ಹನ್ನೆರಡರ ಬಿಸಿಲಲ್ಲಿ ಬೋಳುತಲೆಯನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ಬಿಸಿಲು ತಡೆಯುವ ಮೆಲನಿನ್ ಸಾಲದ ಚರ್ಮ ಅದು. ನೆತ್ತಿಗಿದ್ದ ನೆರಳು ಆ ನಾಲ್ಕು ಬಿಳಿ ಕೂದಲಿನದೇ. ಅದೂ ಹುಂಡಿಗೆ ಹೋಯಿತು. ಸಂಜೆ ನೆತ್ತಿ ಬೊಬ್ಬೆ ಎದ್ದರೆ, ಹರಕೆಯಲ್ಲಿ ಏನೋ ಲೋಪವಂತೆ!

ಶಾಲೆಯದು ಇನ್ನೂ ಸೊಗಸು. ಈ ಮಕ್ಕಳ ಕಣ್ಣುಗುಡ್ಡೆ ತನ್ನಷ್ಟಕ್ಕೆ ಅತ್ತಿತ್ತ ಓಲಾಡುತ್ತಿರುತ್ತದೆ. ತಲೆಯನ್ನು ಒಂದು ಕಡೆಗೆ ವಾಲಿಸಿದರೆ ಓಲಾಟ ತಗ್ಗಿ ಅಕ್ಷರ ಸ್ವಲ್ಪ ನಿಲ್ಲುವುದುಂಟು. ಯಾರೂ ಹೇಳಿಕೊಡದೆ ಹುಡುಗ ಆ ವಾಲು ಕಂಡುಕೊಂಡಿರುತ್ತಾನೆ. ಮೇಷ್ಟ್ರು ಬಂದು, "ತಲೆ ನೆಟ್ಟಗೆ ಇಟ್ಕೊಂಡು ನೋಡೋ!" ಅಂತ ಗದ್ದ ಹಿಡಿದು ತಿರುಗಿಸುತ್ತಾರೆ. ಅಕ್ಷರ ಪರಾರಿ. ಪುಸ್ತಕ ಮೂಗಿಗೆ ತಾಗಿಸಿ ಓದಿದರೆ ಕಣ್ಣು ಹಾಳಾಗುತ್ತದೆಂಬ ಉಪದೇಶ ಬೇರೆ. ಹಾಳಾಗುವುದಿಲ್ಲ, ಅವನಿಗೆ ಕಾಣುವುದೇ ಅಷ್ಟು ಹತ್ತಿರದಲ್ಲಿ. ಮುಂದಿನ ಬೆಂಚು ಕೊಟ್ಟಿದ್ದೀವಲ್ಲ ಅನ್ನುತ್ತಾರೆ. ಕೊಟ್ಟಿದ್ದು ನಿಜ, ಬೆಳಕು ಕಣ್ಣಿಗೆ ಚುಚ್ಚುವ ಕಿಟಕಿಗೆ ಎದುರಾಗಿ.

ಕಾನೂನು ಇಲ್ಲವೇ ಅಂದರೆ, ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಆಲ್ಬಿನಿಸಂ ಹೆಸರಿಲ್ಲ; ಮಂದದೃಷ್ಟಿಯ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಹೋಗಬೇಕು, ಅಂಗವೈಕಲ್ಯ ಶೇ. 40 ಮುಟ್ಟಿದರೆ ಸವಲತ್ತು. ಕಣ್ಣು ಅಳೆಯುವುದು ಕೋಣೆಯೊಳಗೆ, ಅಂದರೆ ಹುಡುಗನಿಗೆ ಅಷ್ಟೋ ಇಷ್ಟೋ ನೆಮ್ಮದಿಯಾಗಿ ಕಾಣುವ ಜಾಗದಲ್ಲಿ. ಶಾಲೆಯ ಅಂಗಳದ ಬಿಸಿಲಿಗೆ ಅಲ್ಲಿ ಪರ್ಸೆಂಟು ಇಲ್ಲ.

ಬೇಕಾದ್ದಾದರೂ ಏನು? ದಪ್ಪಕ್ಷರದ ಪುಸ್ತಕ, ಒಂದು ಭೂತಗನ್ನಡಿ, ತಂಪು ಕನ್ನಡಕ, ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ. 1927ರಿಂದ ಖಾದಿ ನೂತ ಬದನವಾಳಿನಲ್ಲಿ ಒಂದು ಗಜ ಬಟ್ಟೆಗೆ ಬರವೇ? ಆದರೆ ಯೂನಿಫಾರಂ ಪಟ್ಟಿಯಲ್ಲಿ ಟೋಪಿ ಇಲ್ಲವಂತೆ. ಊರಿಗೆಲ್ಲ ಟೋಪಿ ಹಾಕುವ ಕಲೆಯಲ್ಲಿ ಪಳಗಿದ ನಮಗೆ, ನಿಜಕ್ಕೂ ಟೋಪಿ ಬೇಕಾದ ಒಂದು ತಲೆ ಸಿಕ್ಕಾಗ ಮಾತ್ರ ನಿಯಮ ನೆನಪಾಗುತ್ತದೆ.

ಅಕ್ಟೋಬರ್ 2 ಬರುತ್ತದೆ. ಶಾಮಿಯಾನದಡಿ, ಫ್ಯಾನಿನ ಕೆಳಗೆ, ಇಸ್ತ್ರಿ ಮಾಡಿದ ಗಾಂಧಿ ಟೋಪಿ ಹಾಕಿಕೊಂಡು ಮುಖ್ಯ ಅತಿಥಿಗಳು ಸರಳ ಜೀವನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಎದುರಿನ ಬಯಲಲ್ಲಿ ಹುಡುಗ ಬರಿತಲೆಯಲ್ಲಿ, ಬಿಸಿಲಿಗೆ ಮುಖ ಕಿವುಚಿ, ಹಲ್ಲು ಕಾಣುವಂತೆ ಕಣ್ಣು ಮುಚ್ಚಿಕೊಂಡಿದ್ದಾನೆ.

"ನೋಡಿ," ಅನ್ನುತ್ತಾರೆ ಅತಿಥಿಗಳು ಮೈಕಿನಲ್ಲಿ, "ಆ ಹುಡುಗ ಹೆಂಗೆ ನಗ್ತಾ ನಗ್ತಾ ಕೇಳ್ತಾವ್ನೆ!"